ಕೊಟ್ಟಿಗೆ, ಹಿತ್ತಲುಗಳಲ್ಲಿ ಉಣುಗಿನ ಹಾವಳಿ: ಔಷಧ ಹೊಡೆಸುವ ಮುನ್ನ ತಿಳಿಯಬೇಕಾದುದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನಮ್ಮ ಸದಸ್ಯರಲ್ಲಿ ಬರೀ ತೋಟವನ್ನೇ ನಂಬಿದವರು ವಿರಳ. ಅಡಿಕೆಯ ಜೊತೆಗೆ ಒಂದೆರಡು ಸೀಮೆಹಸು, ನಾಲ್ಕಾರು ಕುರಿ ಮೇಕೆ, ಕಾವಲಿಗೊಂದು ನಾಯಿ ಇದ್ದೇ ಇರುತ್ತವೆ. ಇವುಗಳ ಬೆನ್ನ ಹಿಂದೆಯೇ ಬರುವುದು ಉಣುಗು. ನಮ್ಮ ಸೀಮೆಯಲ್ಲಿ ಇದನ್ನು ಉಣ್ಣೆ ಎಂದೂ ಕರೆಯುವರು. ಕುರಿಯ ತುಪ್ಪಟದೊಡನೆ ಗೊಂದಲವಾಗದಿರಲೆಂದು ಇಲ್ಲಿ ಉಣುಗು ಎಂದೇ ಬರೆದಿದೆ.

ಉಣುಗು ಕಂಡೊಡನೆ ಅಂಗಡಿಯಿಂದ ಔಷಧ ತಂದು ಹಸುವಿನ ಮೈಗೆ ಹೊಡೆಯುವುದು ರೂಢಿ. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಅಷ್ಟೇ ಉಣುಗು. ಆಗ ಔಷಧ ಸಾಲದೆಂದು ಪ್ರಮಾಣ ಹೆಚ್ಚಿಸುತ್ತಾರೆ, ಇಲ್ಲವೇ ತೋಟಕ್ಕೆಂದು ತಂದ ವಿಷವನ್ನೇ ದನದ ಮೈಗೆ ಹಾಕುತ್ತಾರೆ. ಇದರಿಂದ ದನ ಸಾಯಬಹುದು, ಹೊಡೆದವನೂ ಆಸ್ಪತ್ರೆ ಸೇರಬಹುದು. ಔಷಧ ಫಲಿಸದಿರಲು ಮುಖ್ಯ ಕಾರಣ ಬೇರೆಯೇ ಇದೆ. ನಾವು ದನದ ಮೈಮೇಲಿನ ಉಣುಗನ್ನು ಕೊಲ್ಲುತ್ತೇವೆ. ನೆಲದಲ್ಲಿ, ಗೋಡೆಯಲ್ಲಿ ಇರುವುದನ್ನು ಬಿಟ್ಟುಬಿಡುತ್ತೇವೆ.

ಉಣುಗಿನ ಜೀವನಕ್ರಮ

ದನದ ಮೇಲೆ ಸಾಮಾನ್ಯವಾಗಿ ಕಾಣುವ ಹೆಣ್ಣು ಉಣುಗು ಹೊಟ್ಟೆ ತುಂಬ ರಕ್ತ ಕುಡಿದು, ಹರಳುಬೀಜದಂತೆ ಉಬ್ಬಿ, ತಾನಾಗಿ ಕೆಳಗೆ ಬೀಳುತ್ತದೆ. ಕಲ್ಲಿನ ಸಂದಿಯಲ್ಲೋ ಗೊಬ್ಬರದ ಅಡಿಯಲ್ಲೋ ಅವಿತು 2000ದಿಂದ 3000ದವರೆಗೆ ಮೊಟ್ಟೆ ಇಟ್ಟು ಸಾಯುತ್ತದೆ. ಕೆಲವು ವಾರಗಳಲ್ಲಿ ಮೊಟ್ಟೆಯೊಡೆದು ಸಾಸಿವೆಗಿಂತ ಸಣ್ಣದಾದ ಆರು ಕಾಲಿನ ಮರಿಗಳು ಹೊರಬರುತ್ತವೆ. ಅವು ಹುಲ್ಲಿನ ತುದಿಗೆ, ಗೋಡೆಗೆ ಹತ್ತಿ ದನಕ್ಕಾಗಿ ಕಾಯುತ್ತವೆ. ನೆರಳು, ತೇವ ಇದ್ದರೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು. ಬಿಸಿಲಿಗೆ ಕಾದು ಒಣಗಿದ ಬಯಲಿನಲ್ಲಿ ಅಷ್ಟು ಕಾಲ ಬದುಕಲಾರವು.

ಆದ್ದರಿಂದ ನಮ್ಮಂಥ ಒಣ ಸೀಮೆಯಲ್ಲಿ ಬೇಸಿಗೆಯು ರೈತನ ಪರವಾಗಿ ಅರ್ಧ ಕೆಲಸ ಮಾಡುತ್ತದೆ. ಆದರೆ ಬೇಸಿಗೆಯ ಬಿಸಿಲಿಗೆ ದನವನ್ನು ಅಡಿಕೆ ತೋಟದ ನೆರಳಿನಲ್ಲಿ, ಹನಿ ನೀರಾವರಿಯ ತೇವದಲ್ಲಿ ಕಟ್ಟಿದರೆ ಉಣುಗಿಗೂ ಅದೇ ತಂಪು ದೊರೆತು ಮುಂಗಾರಿನವರೆಗೆ ಉಳಿದುಕೊಳ್ಳುತ್ತದೆ. ದನ ಕಟ್ಟುವ ಜಾಗ ತೋಟದ ಹೊರಗಿರುವುದು ಒಳ್ಳೆಯದು.

ಮುಖ್ಯವಾದ ಮೂರು ಬಗೆ

1. ಮೇಲೆ ಹೇಳಿದ ದನದ ಉಣುಗು. ಇದು ಮರಿಯಿಂದ ದೊಡ್ಡದಾಗುವವರೆಗೆ ಸುಮಾರು ಮೂರು ವಾರ ಒಂದೇ ದನದ ಮೇಲೆ ಇರುತ್ತದೆ. ಮೈಗೆ ಹೊಡೆದ ಔಷಧಕ್ಕೆ ಸುಲಭವಾಗಿ ಸಿಗುವುದು ಇದೇ.

2. ಹಯಲೋಮ ಎಂಬ ಜಾತಿ. ಕಾಲಿಗೆ ಬಿಳಿ ಪಟ್ಟೆಗಳಿರುತ್ತವೆ. ಇದು ರಕ್ತ ಕುಡಿದು ಇಳಿದು, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಪೊರೆ ಕಳಚಿ, ಮತ್ತೆ ದನದ ಮೇಲೆ ಹತ್ತುತ್ತದೆ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ, ಚಪ್ಪಡಿಯ ಸಂದುಗಳು ಇದಕ್ಕೆ ಹೇಳಿಮಾಡಿಸಿದ ಮನೆ.

3. ನಾಯಿಯ ಉಣುಗು. ಇದು ಮೂರು ಹಂತದಲ್ಲೂ ನಾಯಿಯ ರಕ್ತವನ್ನೇ ಬಯಸಿದರೂ ಪ್ರತಿ ಹಂತದಲ್ಲಿ ಕೆಳಗಿಳಿದು, ಗೋಡೆ ಹತ್ತಿ, ತೊಲೆಯ ಸಂದು, ಬಾಗಿಲ ಚೌಕಟ್ಟುಗಳಲ್ಲಿ ಅಡಗುತ್ತದೆ. ಮನೆಯೊಳಗೇ ಸಂತಾನ ಬೆಳೆಸಬಲ್ಲುದು. ಮನುಷ್ಯರಿಗೂ ಕಚ್ಚುವುದುಂಟು.

ಹಾನಿ ಎಷ್ಟು?

ರಕ್ತ ಹೋಗಿ ಹಾಲು ಇಳಿಯುವುದು, ಚರ್ಮ ಕೆಡುವುದು ಕಣ್ಣಿಗೆ ಕಾಣುವ ನಷ್ಟ. ಅದಕ್ಕಿಂತ ದೊಡ್ಡದು ಉಣುಗು ಹರಡುವ ಜ್ವರಗಳು. ಹಯಲೋಮದಿಂದ ಬರುವ ಥೈಲೇರಿಯಾ ರೋಗದಲ್ಲಿ ವಿಪರೀತ ಜ್ವರ ಬಂದು, ಭುಜದ ಮುಂಭಾಗದ ಗ್ರಂಥಿ ಊದಿ, ದನ ಮೇವು ಬಿಡುತ್ತದೆ. ಬಬೇಸಿಯಾ ರೋಗದಲ್ಲಿ ಮೂತ್ರ ಕೆಂಪಾಗುತ್ತದೆ. ಹಳ್ಳಿಕಾರ್ ಮುಂತಾದ ನಾಟಿ ದನಗಳು ಇವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಸಾಲ ಮಾಡಿ ತಂದ ಸೀಮೆಹಸು ತಡೆಯಲಾರದು. ಇಂಥ ಲಕ್ಷಣ ಕಂಡ ದಿನವೇ ಪಶುವೈದ್ಯರನ್ನು ಕರೆಯತಕ್ಕದ್ದು. ನಾಯಿಯ ಉಣುಗು ನಾಯಿಗೆ ರಕ್ತಹೀನತೆಯ ಜ್ವರವನ್ನೂ, ಮನುಷ್ಯರಿಗೆ ಮೈಮೇಲೆ ದದ್ದು ಏಳುವ ಉಣುಗು ಜ್ವರವನ್ನೂ ಹರಡಬಲ್ಲುದು.

ಉಣುಗಿನಿಂದ ರೋಗ ಹರಡುವುದೆಂದು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು 1893ರಲ್ಲಿ ತೋರಿಸಿಕೊಟ್ಟರು. ಅಲ್ಲಿ 1906ರಲ್ಲಿ ಆರಂಭಿಸಿ, ದನಗಳನ್ನು ಎರಡು ವಾರಕ್ಕೊಮ್ಮೆ ಔಷಧದ ತೊಟ್ಟಿಯಲ್ಲಿ ಮುಳುಗಿಸಿ, ಮೇವಿನ ಬಯಲನ್ನು ಖಾಲಿ ಬಿಟ್ಟು ಉಣುಗನ್ನು ಹಸಿವಿನಿಂದ ಸಾಯಿಸಿ, 1943ರ ಹೊತ್ತಿಗೆ ಮೆಕ್ಸಿಕೋ ಗಡಿಯ ಒಂದು ಪಟ್ಟಿಯನ್ನುಳಿದು ದೇಶದಿಂದಲೇ ತೊಲಗಿಸಿದರು. ಆ ಕಾಲದ ಔಷಧ ಇಂದಿನಷ್ಟು ಸುಧಾರಿಸಿದ್ದಲ್ಲ. ದಿನ ತಪ್ಪದೆ ಮಾಡಿದ್ದರಿಂದ ಕೆಲಸವಾಯಿತು.

ಕೆಲಸದ ಕ್ರಮ

ಮೊದಲು ಜಾಗ ಶುಚಿಯಾಗಬೇಕು. ತಿಪ್ಪೆ, ಅಡಿಕೆ ಸಿಪ್ಪೆ, ಒಣಗಿದ ಹಾಳೆ ಗರಿ, ಕಡಲೆಕಾಯಿ ಬಳ್ಳಿಯ ಬಣವೆ ಇವು ಕೊಟ್ಟಿಗೆಗೆ ಅಂಟಿಕೊಂಡಿರಬಾರದು. ಮನೆಯ ಸುತ್ತ ಕಳೆ, ಎತ್ತರದ ಹುಲ್ಲು ಕೊಯ್ದು ಬಿಸಿಲು ಬೀಳುವಂತೆ ಮಾಡಬೇಕು. ಗೋಡೆಯ ಬಿರುಕು, ಗೋದಲಿಯ ಸಂದುಗಳನ್ನು ಕೆರೆದು, ಗಾರೆಯಿಂದ ಮುಚ್ಚಿ, ಸುಣ್ಣ ಬಳಿಯಬೇಕು. ಕೆರೆದು ತೆಗೆದ ಕಸವನ್ನು ತಿಪ್ಪೆಗೆ ಹಾಕದೆ ಸುಡತಕ್ಕದ್ದು. ಹಿತ್ತಲಲ್ಲಿ ನಾಟಿ ಕೋಳಿಗಳಿದ್ದರೆ ಅವು ಕೆದಕಿ ಉಣುಗನ್ನು ಹೆಕ್ಕಿ ತಿನ್ನುತ್ತವೆ. ಆದರೆ ಔಷಧ ಹೊಡೆದ ದಿನಗಳಲ್ಲಿ ಅವನ್ನು ದೂರ ಇಡಬೇಕು.

ಅನಂತರ ದನ, ಕುರಿ, ನಾಯಿ ಎಲ್ಲಕ್ಕೂ ಒಂದೇ ದಿನ ಚಿಕಿತ್ಸೆ, ಅದೇ ದಿನ ಕೊಟ್ಟಿಗೆಗೂ ಔಷಧ. ಒಂದನ್ನು ಬಿಟ್ಟರೂ ಅದರ ಮೇಲೆ ಉಳಿದದ್ದು ಮತ್ತೆ ಹಬ್ಬುತ್ತದೆ. ಮೊಟ್ಟೆಗಳು ಔಷಧಕ್ಕೆ ಸಾಯದೆ ಉಳಿಯುವುದರಿಂದ ಎರಡು ವಾರದ ನಂತರ ಎರಡನೆಯ ಸಲ ಹೊಡೆಯಬೇಕು. ಮುಂದೆ ಎಷ್ಟು ಸಲ ಬೇಕೆಂಬುದನ್ನು ಪಶುವೈದ್ಯರು ನೋಡಿ ಹೇಳುತ್ತಾರೆ. ದನದ ಕಿವಿಯ ಒಳಭಾಗ, ಗಂಗೆದೊಗಲು, ಕೆಚ್ಚಲ ಸಂದು, ಬಾಲದ ಬುಡ ಇವನ್ನು ಮರೆಯಬಾರದು.

ಕ್ಯಾಮೇನಹಳ್ಳಿಯಂತಹ ದನಗಳ ಜಾತ್ರೆಯಿಂದ ತಂದ ಹೊಸ ರಾಸನ್ನು ಚಿಕಿತ್ಸೆ ಮಾಡಿಸದೆ ಕೊಟ್ಟಿಗೆಗೆ ಸೇರಿಸಕೂಡದು. ಗೊಬ್ಬರಕ್ಕಾಗಿ ತೋಟದಲ್ಲಿ ಕುರಿ ಮಂದೆ ತರುಬಿಸುವವರೂ ಮೊದಲು ಕುರಿಗಳ ಕಿವಿ ನೋಡುವುದು ಲೇಸು.

ಔಷಧ ಹೊಡೆಯುವವರನ್ನು ಕರೆಸಿದಾಗ

ಈಗ ಪೇಟೆಗಳಲ್ಲಿ ಹಣ ಪಡೆದು ಮನೆ, ಹಿತ್ತಲುಗಳಿಗೆ ಔಷಧ ಹೊಡೆಯುವವರು ಸಿಗುತ್ತಾರೆ. ಕೆಲಸ ಬಲ್ಲವನು ಬಂದೊಡನೆ ಪಂಪು ಎತ್ತುವುದಿಲ್ಲ. ಮೊದಲು ಗೋಡೆ, ಸಂದು, ನಾಯಿ ಮಲಗುವ ಜಾಗ ನೋಡುತ್ತಾನೆ. ಯಾವ ಬಗೆಯ ಉಣುಗೆಂದು ಗುರುತಿಸುತ್ತಾನೆ. ಅಂಗಳವನ್ನೆಲ್ಲ ತೋಯಿಸದೆ ಬಿರುಕುಗಳಿಗೆ, ಗೋಡೆಯ ಬುಡಕ್ಕೆ, ಬೇಲಿಯಂಚಿಗೆ ಹೊಡೆಯುತ್ತಾನೆ. ಎರಡನೆಯ ಸಲ ಬರುವ ದಿನವನ್ನು ತಾನೇ ಹೇಳುತ್ತಾನೆ. ಸದಸ್ಯರು ಅವನಿಂದ ಡಬ್ಬಿಯ ಚೀಟಿ ಕೇಳಿ ಓದಬೇಕು. ಔಷಧದ ಹೆಸರು ಹೇಳದವನಿಗೆ, ಒಂದೇ ಸಲಕ್ಕೆ ವರ್ಷಪೂರ್ತಿ ಖಾತ್ರಿ ಕೊಡುವವನಿಗೆ ಹಣ ಕೊಡಬೇಕಾಗಿಲ್ಲ.

ಎಚ್ಚರಿಕೆಗಳು

1. ಹಿಂದೆ ದನಕ್ಕೆ ತಿಕ್ಕುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಗಿದೆ. ಡೈಕ್ಲೋರ್‌ವಾಸ್ ಮತ್ತು ಫೋರೇಟ್ 2020ರ ಕೊನೆಗೆ ನಿಷೇಧಗೊಂಡಿವೆ. ಅಟ್ಟದ ಮೇಲೆ ಹಳೆಯ ಡಬ್ಬಿಗಳಿದ್ದರೆ ಬಳಸಕೂಡದು.

2. ದನಕ್ಕೆಂದೇ ತಯಾರಾದ ಔಷಧವನ್ನೇ ತರಬೇಕು. ಉದಾಹರಣೆಗೆ ಶೇ. 12.5ರ ಅಮಿಟ್ರಾಜ್ ಔಷಧವನ್ನು ದನಕ್ಕೆ ಲೀಟರ್ ನೀರಿಗೆ 2 ಮಿ.ಲೀ. ಬೆರೆಸುವುದು ವಾಡಿಕೆ, ಚೀಟಿಯಲ್ಲಿ ಬರೆದುದೇ ಅಂತಿಮ. ಕುದುರೆಗೆ ಇದು ಮಾರಕ.

3. ಕಡಿಮೆ ಪ್ರಮಾಣದಲ್ಲಿ ಪದೇಪದೇ ಹೊಡೆದರೆ ಉಣುಗು ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಡೆಲ್ಟಾಮೆಥ್ರಿನ್‌ಗೆ ಬಗ್ಗದ ಉಣುಗುಗಳು ದೇಶದ ಹಲವೆಡೆ ಕಂಡುಬಂದಿವೆ.

4. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳು ರೇಷ್ಮೆಹುಳು, ಜೇನು, ಮೀನುಗಳಿಗೆ ಕಡುವಿಷ. ಹುಳು ಸಾಕುವ ಮನೆ, ಹಿಪ್ಪುನೇರಳೆ ತೋಟ, ಕೃಷಿ ಹೊಂಡಗಳ ಬಳಿ ಹೊಡೆಯಕೂಡದು. ಬೆಕ್ಕಿಗೂ ಇವು ಅಪಾಯ.

5. ತೋಟಕ್ಕೆ ಬಳಸುವ ಪಂಪನ್ನು ದನಕ್ಕೆ ಬಳಸಬಾರದು.

6. ಐವರ್‌ಮೆಕ್ಟಿನ್ ಚುಚ್ಚುಮದ್ದಿನ ಅಂಶ ಹಾಲಿನಲ್ಲಿ ಬಹುದಿನ ಉಳಿಯುತ್ತದೆ. ಹಸು ಕರೆಯುತ್ತಿದೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಎಷ್ಟು ದಿನ ಡೈರಿಗೆ ಹಾಲು ಹಾಕಬಾರದೆಂದು ಕೇಳಿಕೊಳ್ಳಬೇಕು.

7. ಮನುಷ್ಯರ ಮೈಗೆ ಕಚ್ಚಿದ ಉಣುಗನ್ನು ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಾಕುವುದು, ಬೆರಳಲ್ಲಿ ಹಿಸುಕುವುದು ಸಲ್ಲದು. ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆದು, ಆ ಜಾಗವನ್ನು ಸೋಪಿನಿಂದ ತೊಳೆಯಬೇಕು.

ಮಲೆನಾಡಿಗೆ ಹೋಗಿಬರುವವರಿಗೆ

ಅಡಿಕೆ ಕೊಯ್ಲು, ಕಾಫಿ ಹಣ್ಣು ಬಿಡಿಸುವ ಕೆಲಸಕ್ಕೆಂದು ಘಟ್ಟದ ಕಡೆ ಹೋಗುವವರು ಮಂಗನ ಕಾಯಿಲೆಯನ್ನು ನೆನಪಿನಲ್ಲಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಇದು ಕಾಡಿನ ಬೇರೊಂದು ಜಾತಿಯ ಉಣುಗಿನಿಂದ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಇದರ ಕಾಟ ಹೆಚ್ಚು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಇತ್ತೀಚಿನ ವರ್ಷಗಳಲ್ಲಿ ನಿಲ್ಲಿಸಲಾಗಿದೆ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳುವುದು, ಮೈ ತುಂಬ ಬಟ್ಟೆ ತೊಡುವುದು, ಮಂಗ ಸತ್ತ ಜಾಗಕ್ಕೆ ಹೋಗದಿರುವುದು ಅವಶ್ಯ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು.

ಮುಂಗಾರು ಮಳೆ ಬೀಳುವ ಮೊದಲೇ ಬಿರುಕು ಮುಚ್ಚಿಸಿ ಸುಣ್ಣ ಬಳಿಸಿದರೆ ಖರ್ಚು ಕಡಿಮೆ, ಫಲ ಹೆಚ್ಚು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ವಾರದಲ್ಲಿ ಮಾಡಿದರೆ ಇನ್ನೂ ಉತ್ತಮ. ಯಾವ ಔಷಧ, ಎಷ್ಟು ಎಂಬುದಕ್ಕೆ ಸಮೀಪದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಮೊದಲ ಸಲ ಹೊಡೆದ ದಿನಾಂಕವನ್ನು ಕೊಟ್ಟಿಗೆಯ ಬಾಗಿಲ ಮೇಲೆ ಬರೆದಿಡಿ. ಎರಡನೆಯ ಸಲದ ದಿನ ತಪ್ಪುವುದಿಲ್ಲ.