ರಿವರ್ಸ್ ಗೇರಿನಲ್ಲಿ ಸೂಳೆಕೆರೆ ಏರಿ ದಾಟಿದ ಇಂಪಾಲಾ!

ಖಳನಾಯಕ ತೆರೆಯ ಮೇಲೆ ಬರುವ ದೃಶ್ಯ ನೆನಪಿಸಿಕೊಳ್ಳಿ. ಮೊದಲು ಕಾಣುವುದು ಅವನ ಮುಖವಲ್ಲ. ಹಡಗಿನಂಥ ಕಾರಿನ ಮೂತಿ, ಆಮೇಲೆ ತೆರೆಯುವ ಬಾಗಿಲು, ಬಿಳಿ ಬೂಟು, ಸಿಗಾರಿನ ಹೊಗೆ... ಕೊನೆಗೆ ಅವನು! 1968ರಲ್ಲಿ ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂದು ರಾಜಣ್ಣ ಸಿ.ಐ.ಡಿ. 999 ಆದಮೇಲೆ ಇಂಥ ಚಿತ್ರಗಳ ರುಚಿ ಹತ್ತಿದವರು ನಾವು. ಕ್ಲೈಮ್ಯಾಕ್ಸಿನಲ್ಲಿ ಕಾರು ಕಂದಕಕ್ಕೆ ಉರುಳಿ ಧಗ್ಗನೆ ಹೊತ್ತಿಕೊಂಡರೆ ನೀವೂ ಶಿಳ್ಳೆ ಹೊಡೆದಿದ್ದೀರಿ, ನಾನೂ ಹೊಡೆದಿದ್ದೇನೆ. ಹೋದ ವರ್ಷ ಆ ಸರದಿ ನಮ್ಮ ಮನೆಯ ಕಾರಿಗೇ ಬಂತು ನೋಡಿ, ಶಿಳ್ಳೆ ಗಂಟಲಲ್ಲೇ ನಿಂತಿತು.

ನಮ್ಮದು ಕೆರೆಬಿಳಚಿ ಹತ್ತಿರದ ಹಳ್ಳಿ. ಸೂಳೆಕೆರೆಯ ಏರಿಗೆ ಸೈಕಲ್ ದಾರಿ. ದೊಡ್ಡಪ್ಪ ಹರೆಯದಲ್ಲಿ ದಾವಣಗೆರೆಯ ಒಂದು ಟಾಕೀಸಿನ ಮಾಲೀಕರ ಬಳಿ ಡ್ರೈವರ್ ಆಗಿದ್ದರು. ಮಾಲೀಕರ ಕಾರು 1964ರ ಷೆವ್ರೊಲೆ ಇಂಪಾಲಾ. ಆಗ ವಿದೇಶಿ ಕಾರಿನ ಆಮದಿಗೆ ಭಾರೀ ಬಿಗಿ. ರಾಯಭಾರಿ ಕಚೇರಿಯವರು ಬಿಟ್ಟ ಕಾರುಗಳು ಎಸ್.ಟಿ.ಸಿ. ಮೂಲಕ ಮಾರಾಟವಾಗುತ್ತಿದ್ದವು. ಇದೂ ಹಾಗೆ ಬಂದ ಗಾಡಿ, ಸ್ಟಿಯರಿಂಗ್ ಎಡಕ್ಕೆ. ಒಂದೇ ಪ್ರಿಂಟನ್ನು ಎರಡು ಟಾಕೀಸು ಹಂಚಿಕೊಂಡು ಓಡಿಸುತ್ತಿದ್ದ ಕಾಲವದು. ಇಲ್ಲಿ ಇಂಟರ್‌ವಲ್ ಆಗುವಷ್ಟರಲ್ಲಿ ಮೊದಲ ರೀಲುಗಳು ಅಲ್ಲಿಗೆ ತಲುಪಬೇಕು. ಆ ಡಬ್ಬಿಗಳೆಲ್ಲ ಈ ಇಂಪಾಲಾದ ಡಿಕ್ಕಿಯಲ್ಲಿ ಓಡಾಡಿದವು. ಟಾಕೀಸು ಮುಚ್ಚಿದಾಗ ಸಂಬಳದ ಬಾಕಿಗೆ ಬದಲು ಮಾಲೀಕರು ಕಾರಿನ ಕೀಲಿಯನ್ನೇ ದೊಡ್ಡಪ್ಪನ ಕೈಗಿಟ್ಟರು. (ಗ್ರಂಥ ಹಿಡಿದು ನೋಡಿದರೆ 1930ರವರೆಗಿನ ಕಾರುಗಳಷ್ಟೇ ವಿಂಟೇಜ್. ನಮ್ಮೂರಿನ ಹುಡುಗರಿಗೆ ಆ ಲೆಕ್ಕ ಹೇಳಿ ಗೆದ್ದವರಿಲ್ಲ.)

ಹೋದ ವರ್ಷ ಹಳೆಯ ಕಾಲದ ಕಥೆಯ ಸಿನಿಮಾ ತಂಡವೊಂದು ಕಾರು ಹುಡುಕಿಕೊಂಡು ಬಂತು. ದೊಡ್ಡಪ್ಪ ಮ್ಯಾನೇಜರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರಿಯ ಕಡೆ ಹೊರಟರು. ಹಿಂದಿನ ಸೀಟಿನಲ್ಲಿ ನಾನು. ಏರಿ ದಾಟಿ ಆಚೆ ನಿಲ್ಲಿಸಿ, ನೀರು ತೋರಿಸಿ, ಶಾಂತವ್ವನ ಕಥೆ ಹೇಳಿ, ಸಿದ್ದ ತೂಬು ಬಸವ ತೂಬು ಅಂತ ವಿವರಿಸಿ ವಾಪಸು ಹೊರಟರೆ... ಇಂಜಿನ್ ಅಬ್ಬರಿಸುತ್ತದೆ, ಕಾರು ಕದಲುವುದಿಲ್ಲ! ಲಿವರ್ ಡ್ರೈವಿನಲ್ಲೇ ಇದೆ. ಹಿಂದಿನಿಂದ ಬಸ್ಸಿನ ಹಾರನ್. ದೊಡ್ಡಪ್ಪ ರಿವರ್ಸಿಗೆ ಎಳೆದರು. ಗಾಡಿ ಗಕ್ಕನೆ ಹಿಂದಕ್ಕೆ ಬಂತು. ಸರಿ, ಹೇಗೋ ಅಲ್ಲೇ ಮೂತಿ ತಿರುಗಿಸಿಕೊಂಡು, ಕತ್ತು ಹೊರಳಿಸಿ, ಎಪ್ಪತ್ತು ದಾಟಿದ ಆ ಮನುಷ್ಯ ಏರಿಯುದ್ದಕ್ಕೂ ಹಿಮ್ಮುಖವಾಗಿಯೇ ಓಡಿಸಿಕೊಂಡು ಬಂದರು. ಟೀ ಅಂಗಡಿಯವರೆಲ್ಲ ಎದ್ದು ನಿಂತು ಚಪ್ಪಾಳೆ!

ಮ್ಯಾನೇಜರ್ ನಕ್ಕ. “ಓಡದಿದ್ರೂ ಪರವಾಗಿಲ್ಲ ಯಜಮಾನ್ರೇ, ನಮಗೆ ಬ್ಲಾಸ್ಟಿಂಗ್ ಸೀನಿಗೆ ಬೇಕು. ಎರಡೂಕಾಲು ಲಕ್ಷ ಕೊಡ್ತೀವಿ.”

ದೊಡ್ಡಪ್ಪ ಮಾತಾಡಲಿಲ್ಲ. ದೊಡ್ಡಮ್ಮನ ಮಂಡಿ ಆಪರೇಷನ್ನಿಗೆ ದುಡ್ಡು ಬೇಕಿತ್ತು, ಅದು ಎಲ್ಲರಿಗೂ ಗೊತ್ತು. ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದರು: “ದೀಪಾವಳಿ ತನಕ ನೋಡು ತಮ್ಮಾ. ಅಷ್ಟರೊಳಗೆ ಮುಂದಕ್ಕೆ ಓಡಿದ್ರೆ ಇಟ್ಕೊಳ್ಳಾಣ. ಇಲ್ಲಾಂದ್ರೆ ಸುಟ್ಕಳ್ಳಲಿ.”

ಹುಡುಕಾಟ ಶುರುವಾಯಿತು. ಚನ್ನಗಿರಿಯ ಮೆಕ್ಯಾನಿಕ್ ಪ್ರಾಮಾಣಿಕ. ಕಾರಿನೊಳಗೆ ಬಗ್ಗಿ ನೋಡಿ “ಕ್ಲಚ್ ಪೆಡಲ್ ಎಲ್ಲಿ ಅಣ್ಣಾ?” ಎಂದ. ಅವನ ತಪ್ಪೇನು? ನಮ್ಮ ಗ್ಯಾರೇಜುಗಳು ಕಲಿತದ್ದು ಅಂಬಾಸಿಡರ್, ಪದ್ಮಿನಿಗಳ ಮೇಲೆ. ಎರಡರಲ್ಲೂ ಕೈಯಿಂದ ಹಾಕುವ ನಾಲ್ಕು ಗೇರು. ಅಮೆರಿಕದಲ್ಲಾದರೋ ಓಲ್ಡ್ಸ್‌ಮೊಬೈಲ್ ಕಂಪನಿ 1940ರ ಮಾದರಿಗೇ ‘ಹೈಡ್ರಾಮ್ಯಾಟಿಕ್’ ಕೊಟ್ಟಿತ್ತು. 1950ರಲ್ಲಿ ಷೆವ್ರೊಲೆಗೆ ‘ಪವರ್‌ಗ್ಲೈಡ್’ ಬಂತು. ಮುಂದಕ್ಕೆ ಎರಡೇ ಗೇರು. ನಮ್ಮ ಕಾರಿನಲ್ಲಿರುವುದೂ ಅದೇ, ಆದರೆ ಅಲ್ಯುಮಿನಿಯಂ ಮೈಯದು.

ಬೆಂಗಳೂರಿನ ಒಂದು ದೊಡ್ಡ ಗ್ಯಾರೇಜಿನಲ್ಲಿ ಎ.ಸಿ. ರೂಮಿನಲ್ಲಿ ಕೂರಿಸಿ ಮೂರೂವರೆ ಲಕ್ಷ ಅಂದರು. ಇನ್ನೊಬ್ಬರು ಮುಂಗಡ ಇಸಕೊಂಡು, ಎಣ್ಣೆ ಭರ್ತಿ ಮಾಡಿ ‘ರಿಪೇರಿ ಆಯ್ತು’ ಅಂತ ಕಳಿಸಿದರು. ತುಮಕೂರಿನ ಈಚೆ ಬರುವುದರೊಳಗೆ ಗುಣ ಗೊತ್ತಾಯಿತು. ಲಾರಿಯ ಮೇಲೆ ಹೇರಿಕೊಂಡು ಬಂದೆವು. ಶಿವಾಜಿನಗರದ ಗುಜರಿಯಲ್ಲಿ ಎರಡು ದಿನ ಅಲೆದೆ. ಒಬ್ಬ ಮುದುಕ ಕೇಳಿದ: “ಸಾಮಾನು ಇಂದಲ್ಲ ನಾಳೆ ಸಿಗುತ್ತೆ ಬೇಟಾ, ಜೋಡಿಸೋ ಕೈ ಎಲ್ಲಿಂದ ತರ್ತೀಯ?”

ಆ ಕೈ ಸಿಕ್ಕಿದ್ದು ನಮ್ಮ ನಾಲೆಯ ದಂಡೆಯಲ್ಲೇ! ಹೂಳೆತ್ತುತ್ತಿದ್ದ ಜೆ.ಸಿ.ಬಿ.ಯನ್ನು ಸುಮ್ಮನೆ ನೋಡುತ್ತ ಕೂತಿದ್ದೆ. ಹುಡುಗ ಒಂದು ಸಣ್ಣ ಲಿವರ್ ತಟ್ಟುತ್ತಾನೆ, ಯಂತ್ರ ಮುಂದಕ್ಕೆ. ಮತ್ತೆ ತಟ್ಟುತ್ತಾನೆ, ಹಿಂದಕ್ಕೆ. ಕಾಲು ಕ್ಲಚ್ಚಿಗೆ ಹೋಗುತ್ತಲೇ ಇಲ್ಲ! ಓಡಿಹೋಗಿ ಕೇಳಿದೆ. “ಇದಕ್ಕೆ ಕ್ಲಚ್ ಪೆಡಲ್ ಎಲ್ಲೈತಣ್ಣ? ಕನ್ವರ್ಟರ್ ಐತೆ” ಎಂದ. ಇದರ ಡಬ್ಬಿ ಕೆಟ್ಟರೆ ಯಾರು ಬಿಚ್ಚುತ್ತಾರೆ ಅಂದರೆ ಹೊನ್ನಾಳಿಯ ಕಡೆ ಕೈ ತೋರಿಸಿದ. ಸಂಡೂರಿನ ಗಣಿಗಳಲ್ಲಿ ವರ್ಷಗಟ್ಟಲೆ ಡಂಪರುಗಳ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದ ಹಿರಿಯರೊಬ್ಬರು ಅಲ್ಲಿದ್ದಾರೆ. ಎಲ್ಲರಿಗೂ ಚಾಚಾ.

ಚಾಚಾ ಕಾರು ಮುಟ್ಟುವ ಮೊದಲು ಕೇಳಿದ್ದು ಮೂರೇ ಪ್ರಶ್ನೆ.

“ರಿವರ್ಸ್ ಎಳೀತದಾ?”

“ಏರಿಯುದ್ದಕ್ಕೂ ಎಳೀತು ಚಾಚಾ.”

“ಹಂಗಾರೆ ಪಂಪು ಚಲೋ ಐತೆ, ಕನ್ವರ್ಟರೂ ಚಲೋ ಐತೆ. ನೆಲಕ್ಕೆ ಎಣ್ಣೆ ಸೋರ್ತದಾ?”

“ಇಲ್ಲ. ಆದ್ರೂ ಕಮ್ಮಿಯಾಗ್ತಾ ಇರ್ತದೆ.”

“ಸೈಲೆನ್ಸರಿನಾಗೆ ಬಿಳೀ ಹೊಗೆ?”

ನಾನೂ ದೊಡ್ಡಪ್ಪನೂ ಮುಖ ಮುಖ ನೋಡಿಕೊಂಡೆವು. ಒಂದು ವರ್ಷದಿಂದ ಬಿಳೀ ಹೊಗೆ! ಇಂಜಿನ್ನಿಗೆ ವಯಸ್ಸಾಯಿತು ಅಂದುಕೊಂಡಿದ್ದೆವು.

ಚಾಚಾ ಗೇರ್‌ಬಾಕ್ಸಿನ ಮೈಯಿಂದ ಬಳಪೆಯಷ್ಟು ಅಗಲದ ಒಂದು ಡಬ್ಬಿ ಬಿಚ್ಚಿದರು. ಮಾಡ್ಯುಲೇಟರ್. ಅದರೊಳಗೊಂದು ತೆಳು ರಬ್ಬರ್ ಪರದೆ. ಅದಕ್ಕೊಂದು ಕೊಳವೆ ಇಂಜಿನ್ನಿನಿಂದ ಬರುತ್ತದೆ. ಇಂಜಿನ್ ಗಾಳಿ ಎಳೆಯುವ ಜೋರಿನ ಮೇಲೆ ಗೇರಿನ ಎಣ್ಣೆಯ ಒತ್ತಡ ಹೆಚ್ಚುಕಡಿಮೆ ಮಾಡುವುದು ಅದರ ಕೆಲಸ. ಪರದೆ ಹರಿದಿತ್ತು. ಇಂಜಿನ್ ಗೇರಿನ ಎಣ್ಣೆಯನ್ನೇ ಹೀರಿ ಕುಡಿದು ಹೊಗೆ ಮಾಡಿ ಊದುತ್ತಿತ್ತು! ಎಣ್ಣೆ ಇಳಿಯಿತು, ಒತ್ತಡ ಬಿತ್ತು, ಮೊದಲನೇ ಗೇರಿನ ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿ ಜಾರಿ ಜಾರಿ ಸುಟ್ಟುಹೋಯಿತು. ರಿವರ್ಸಿಗೆ ಬೇರೆ ಕ್ಲಚ್ ಇರುವುದರಿಂದ ಅದು ಬದುಕಿತು. ಮೇಲೆ ಮೇಲೆ ಎಣ್ಣೆ ಸುರಿದವರು ಯಾರೂ ಅದು ಎಲ್ಲಿಗೆ ಹೋಗುತ್ತಿದೆ ಅಂತ ಕೇಳಲೇ ಇಲ್ಲ.

ಹೊರಗಿನ ಸ್ಕ್ರೂ ತಿರುಗಿಸಿ ಪಟ್ಟಿ ಬಿಗಿ ಮಾಡಲು ಬರುತ್ತದೆ. ಚಾಚಾ ಅದನ್ನೇ ಮೊದಲು ನೋಡಿದರು. ಹಿಡಿಯಲಿಲ್ಲ. ಎಣ್ಣೆ ಇಳಿಸಿದರೆ ಕೆಂಪಗಿರಬೇಕಾದ್ದು ಕರ್ರಗೆ, ಸೀದ ವಾಸನೆ. ತಟ್ಟೆಯ ತಳದಲ್ಲಿ ಪಟ್ಟಿಯ ಹುಡಿ. ಬಿಚ್ಚದೆ ಗತಿಯಿಲ್ಲ.

ಸಾಮಾನಿನ ಚಿಂತೆ ನನಗಿತ್ತು. ಆದರೆ ಅದೃಷ್ಟ ನೋಡಿ: ಅಮೆರಿಕದಲ್ಲಿ ನೆಟ್ಟನೆ ದಾರಿಯ ಕಾರ್ ರೇಸಿನವರಿಗೆ ಇಂದಿಗೂ ಪವರ್‌ಗ್ಲೈಡೇ ಪ್ರೀತಿ. ಸರಳ, ಗಟ್ಟಿ, ಎರಡೇ ಗೇರು. ಹಾಗಾಗಿ ಪಟ್ಟಿ, ಕ್ಲಚ್ ಪ್ಲೇಟು, ಸೀಲು, ಮಾಡ್ಯುಲೇಟರ್ ಎಲ್ಲ ಹೊಸದಾಗಿಯೇ ತಯಾರಾಗುತ್ತಿವೆ. ಸುಂಕ ಸೇರಿ 31 ಸಾವಿರಕ್ಕೆ ಪೆಟ್ಟಿಗೆ ಮನೆಗೆ ಬಂತು.

ಕೆಲಸ ನಡೆದದ್ದು ನಮ್ಮ ಅಡಿಕೆ ಬೇಯಿಸುವ ಮನೆಯ ಪಕ್ಕದ ಕೋಣೆಯಲ್ಲಿ. ಚಾಚಾ ಮೊದಲ ದಿನ ಸ್ಪ್ಯಾನರ್ ಮುಟ್ಟಲೇ ಇಲ್ಲ. ನೆಲ ತೊಳೆಸಿದರು, ಕಿಟಕಿಗೆ ಒದ್ದೆ ಗೋಣಿ ಕಟ್ಟಿಸಿದರು. ಒರೆಸಲು ಹತ್ತಿ ವೇಸ್ಟ್ ತಂದುಕೊಟ್ಟರೆ ಎಸೆದರು. ಅದರ ಒಂದು ಎಳೆ ವಾಲ್ವ್ ಬಾಡಿಯ ಸಣ್ಣ ದಾರಿಗೆ ಸಿಕ್ಕಿಕೊಂಡರೆ ಮಾಡಿದ್ದೆಲ್ಲ ಮಣ್ಣುಪಾಲಂತೆ. ದೊಡ್ಡಪ್ಪ ಒಳಗೆ ಹೋಗಿ ತಮ್ಮ ಹೊಸ ಪಂಚೆ ತಂದು ಮೇಜಿನ ಮೇಲೆ ಹಾಸಿದರು. ಚಾಚಾ ಬಿಚ್ಚಿದ ಒಂದೊಂದು ಚೂರನ್ನೂ ಬಿಚ್ಚಿದ ಕ್ರಮದಲ್ಲೇ ಅದರ ಮೇಲೆ ಜೋಡಿಸುತ್ತ ಹೋದರು. ಹೊಸ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲಿ ನೆನೆದವು. ಒಣ ಪ್ಲೇಟು ಹಾಕಿದರೆ ಮೊದಲ ಓಟದಲ್ಲೇ ಸುಡುತ್ತದಂತೆ.

ಕನ್ವರ್ಟರ್ ಅಂದರೇನು ಅಂತ ಕೇಳಿದೆ. “ಎರಡು ಟೇಬಲ್ ಫ್ಯಾನು ಎದುರುಬದುರು ಇಡು. ಒಂದಕ್ಕೆ ಕರೆಂಟ್ ಕೊಡು. ಅದರ ಗಾಳಿಗೆ ಇನ್ನೊಂದೂ ತಿರುಗ್ತದೆ. ಗಾಳಿ ಬದಲು ಎಣ್ಣೆ, ಅಷ್ಟೇ. ನಡುವೆ ಇನ್ನೊಂದು ಚಕ್ರ ಐತೆ, ಅದು ವಾಪಸ್ ಬರೋ ಎಣ್ಣೇನ ತಿರುಗಿಸಿ ಮತ್ತೆ ತಳ್ಳತದೆ. ಅದಕ್ಕೇ ಹೊರಡುವಾಗ ಜೋರು ಬರೋದು.” ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ.

ಮೈ ಜುಮ್ಮೆಂದದ್ದು ವಾಪಸು ಏರಿಸುವ ದಿನ. ಜೆ.ಸಿ.ಬಿ. ಹುಡುಗರು ಡಬ್ಬಿಯನ್ನು ಇಂಜಿನ್ನಿಗೆ ತಾಗಿಸಿ ಬೋಲ್ಟ್ ಬಿಗಿಯಲು ಹೊರಟರು. ಒಂದು ಬೆರಳಷ್ಟು ಸಂದು ಉಳಿದಿತ್ತು. ಬೋಲ್ಟೇ ಎಳೆದುಕೊಳ್ಳುತ್ತೆ ಅಂತ ಅವರ ಲೆಕ್ಕ. “ಏಯ್! ಕೈ ತೆಗೀರಿ!” ಚಾಚಾರ ಕೂಗಿಗೆ ಕೊಟ್ಟಿಗೆಯ ಎಮ್ಮೆಯೂ ಎದ್ದು ನಿಂತಿತು. ಕನ್ವರ್ಟರ್ ಪಂಪಿನೊಳಗೆ ಪೂರ್ತಿ ಕೂತಿರಲಿಲ್ಲ. ಬಿಗಿದಿದ್ದರೆ ಪಂಪು ಅಲ್ಲೇ ಚೂರು. ಡಬ್ಬಿ ಕೆಳಗಿಳಿಸಿ, ಕನ್ವರ್ಟರನ್ನು ಕೈಯಲ್ಲೇ ತಿರುಗಿಸುತ್ತ ತಳ್ಳಿದರು. ಟಕ್... ಟಕ್... ಮತ್ತೊಂದು ಟಕ್. “ಈಗ ಕೂತ್ತು ಮಗಾ.”

ಎಲ್ಲ ಸೇರಿ ಖರ್ಚು 60 ಸಾವಿರದ ಒಳಗೆ. ಚಾಚಾರ ಕೂಲಿ 18 ಸಾವಿರ. ದೊಡ್ಡಪ್ಪ ಎರಡು ಸಾವಿರ ಹೆಚ್ಚಿಗೆ ಕೊಡಲು ಹೋದರೆ ಬೇಡವೆಂದು ಒಂದು ಗೊನೆ ಬಾಳೆಹಣ್ಣು ಇಸಕೊಂಡರು.

ದೀಪಾವಳಿಗೆ ನಾಲ್ಕು ದಿನ ಇತ್ತು. ಬೆಳಗಿನ ಆರು ಗಂಟೆಗೆ ದೊಡ್ಡಪ್ಪ ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಲಿವರ್ ಡ್ರೈವಿಗೆ ಬಂತು. ಕಾರು ಮೆಲ್ಲಗೆ ಒಮ್ಮೆ ತಲೆಯಾಡಿಸಿ ಮುಂದಕ್ಕೆ ಸರಿಯಿತು. ಏರಿಯ ಮೇಲೆ ಎರಡನೇ ಗೇರು ಬಿದ್ದಾಗ ಸ್ವಲ್ಪ ಜಗ್ಗಿತು ನಿಜ. ಹಿಂಬದಿಯ ಸೀಲಿನಿಂದ ಈಗಲೂ ಒಂದೆರಡು ಹನಿ ತೊಟ್ಟಿಕ್ಕುತ್ತದೆ. ಮಳೆಗಾಲಕ್ಕೆ ಮುಂಚೆ ತನ್ನಿ ಅಂದಿದ್ದಾರೆ ಚಾಚಾ.

ಸಿನಿಮಾದವರು ಬಂದು ನೋಡಿ ಬೆರಗಾದರು. ಓಡುವ ಇಂಪಾಲಾ ಸಿಕ್ಕ ಮೇಲೆ ಸುಡುವುದೇಕೆ? ಐದು ದಿನದ ಬಾಡಿಗೆಗೆ ಮಾತಾಯಿತು. ಮಂಡಿ ಆಪರೇಷನ್ನಿಗೆ ಅದು ಅರ್ಧವೂ ಸಾಲದು, ಉಳಿದದ್ದಕ್ಕೆ ಅಡಿಕೆ ಮಾರುವ ತನಕ ಕಾಯಬೇಕಾಯಿತು. ದೊಡ್ಡಮ್ಮ ಅದಕ್ಕೇನೂ ಅನ್ನಲಿಲ್ಲ. ದೊಡ್ಡಪ್ಪನ ಷರತ್ತು ಒಂದೇ: ಸ್ಟಿಯರಿಂಗ್ ಬೇರೆ ಯಾರೂ ಮುಟ್ಟಕೂಡದು. ಹಾಗಾಗಿ ಅವರಿಗೇ ಟೋಪಿ ತೊಡಿಸಿ ಖಳನಾಯಕನ ಡ್ರೈವರ್ ಮಾಡಿದರು! ಚಿತ್ರ ಇನ್ನೂ ತೆರೆಗೆ ಬಂದಿಲ್ಲ. ಬಂದಾಗ ಕಣ್ಣಿಟ್ಟು ನೋಡಿ. ಎಡಗಡೆ ಸ್ಟಿಯರಿಂಗ್, ಬಿಳಿ ಮೀಸೆ, ಹಿಂದೆ ಸಿಗಾರ್ ಸೇದುವವನ ಕಡೆ ಒಮ್ಮೆಯೂ ತಿರುಗದೆ ಗೇರಿನ ಸದ್ದಿಗೇ ಕಿವಿಗೊಟ್ಟು ಕೂತಿರುವ ಒಬ್ಬ ಮುದುಕ ಕಾಣಿಸುತ್ತಾನೆ.