ಹಳೇ ಕಾರಿನಲ್ಲಿ ಕರೆಂಟಿನ ಜಾಡು

ಸೆಲ್ಫ್ ಹೊಡೆದರೆ ‘ಟಕ್’ ಅನ್ನುತ್ತದೆ, ಇಂಜಿನ್ ತಿರುಗುವುದಿಲ್ಲ. ಎರಡು ಮೂರು ಸಲ ಹೊಡೆದರೆ ಚೋಕ್ ಕೇಬಲ್ ಕೈಗೆ ಬಿಸಿ ತಾಕಿ ಹೊಗೆಯಾಡುತ್ತದೆ. ಹಳೆಯ ಅಂಬಾಸಿಡರ್ ಅಥವಾ ಮೋರಿಸ್ ಮೈನರ್ ಇಟ್ಟುಕೊಂಡವರು ಇಂಥ ಹೊತ್ತಿನಲ್ಲಿ ಬ್ಯಾಟರಿಯನ್ನು ದೂರುತ್ತಾರೆ, ಆಮೇಲೆ ಸೆಲ್ಫ್ ಮೋಟಾರನ್ನು. ನುರಿತ ಆಟೋ ಎಲೆಕ್ಟ್ರಿಷಿಯನ್ ಎರಡನ್ನೂ ಬಿಚ್ಚುವುದಿಲ್ಲ. ಬಾನೆಟ್ ಎತ್ತಿ, ಇಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಎಲ್ಲಿದೆಯೆಂದು ಹುಡುಕುತ್ತಾರೆ.

ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ಕರೆಂಟು ಬ್ಯಾಟರಿಗೆ ಮರಳಲು ಆ ಹೆಣೆದ ಪಟ್ಟಿಯೇ ದಾರಿ. ಅದರ ತುದಿಗೆ ಕಿಲುಬು ಹಿಡಿದರೆ, ನೂರಕ್ಕೂ ಮಿಕ್ಕಿದ ಆಂಪಿಯರ್ ಬೇಡುವ ಸೆಲ್ಫ್‌ಗೆ ಸಿಕ್ಕ ಸಂದಿಯೇ ಹಾದಿಯಾಗುತ್ತದೆ. ಚೋಕ್ ಕೇಬಲ್ ಸುಡುವುದು ಅದಕ್ಕೇ. ಪರೀಕ್ಷೆ ಸುಲಭ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ, ಒಬ್ಬರು ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಅಲ್ಲೇ.

ಬಲಕ್ಕೆ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪವೂ ಜೊತೆಗೆ ಮಿನುಗುವುದುಂಟು. ಅದೂ ಬಹುತೇಕ ಅರ್ತ್ ದೋಷವೇ.

ಮೋರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಅಂಬಾಸಿಡರ್, ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾಯಿತು. ಮದರಾಸಿನಲ್ಲಿ 1961ರಲ್ಲಿ ಶುರುವಾದ ಲೂಕಾಸ್-ಟಿವಿಎಸ್ ಇಂಥ ಕಾರುಗಳ ವಿದ್ಯುತ್ ಭಾಗಗಳಿಗೆ ಮನೆಮಾತಾದ ಹೆಸರು. ಇಂಗ್ಲೆಂಡಿನ ಲೂಕಾಸ್ ವೈರಿಂಗಿಗೆ ಬಣ್ಣವೇ ಭಾಷೆ: ಕಂದು ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿ ಬಂದ ಇಗ್ನಿಷನ್, ನೀಲಿ ಹೆಡ್‌ಲೈಟ್, ಕಪ್ಪು ಅರ್ತ್. ಈ ಲಿಪಿ ಓದಬಲ್ಲವರಿಗೆ ಅರ್ಧ ಕೆಲಸ ಮುಗಿದಂತೆ. ಆದರೆ ನಲವತ್ತು ವರ್ಷದಲ್ಲಿ ಕಾರು ಎಷ್ಟೋ ಕೈ ದಾಟಿರುತ್ತದೆ. ಹಾರ್ನಿಗೆ ಕೆಂಪು, ಫ್ಯಾನಿಗೆ ಹಳದಿ ಎಂದು ಸಿಕ್ಕ ವೈರು ಜೋಡಿಸಿರುತ್ತಾರೆ. ಆಗ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ಜಾಯಿಂಟ್ ದಾಟಿ ನಡೆಯಬೇಕು. ತಾಳ್ಮೆಯ ಈ ನಡಿಗೆಯೇ ನಿಜವಾದ ಕಸುಬು.

ಡೈನಮೋದ ಪಾಡು ಬೇರೆ. ನಿಂತ ಕಾರಿನಲ್ಲಿ ಚಾರ್ಜಿಂಗ್ ಸೂಚಿಸುವ ಕೆಂಪು ದೀಪ ಮಿನುಗಿತೆಂದು ಡೈನಮೋ ಬದಲಿಸುವವರಿದ್ದಾರೆ. ಐಡ್ಲಿಂಗಿನಲ್ಲಿ ಅದು ಚಾರ್ಜ್ ಮಾಡದಿರುವುದು ಸಹಜ. ಲೂಕಾಸ್ ಸಿ-40 ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರ್. ತಲಾ 100 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬ್ ಹಾಕಿದರೆ ಸುಮಾರು 17 ಆಂಪಿಯರ್ ಅವಕ್ಕೇ ಹೋಯಿತು. ಮಳೆಯ ರಾತ್ರಿ ವೈಪರ್ ಓಡಿದರೆ ಬ್ಯಾಟರಿ ಇಳಿಯುವುದರಲ್ಲಿ ಆಶ್ಚರ್ಯವೇನಿದೆ?

ಮೋರಿಸ್ ಮೈನರ್‌ನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕಾರ್ಖಾನೆಯಿಂದ ಬಂದಾಗ ಬಹುತೇಕ ಮೈನರ್‌ಗಳಲ್ಲಿ ಅರ್ತ್ ಆಗಿದ್ದದ್ದು ಬ್ಯಾಟರಿಯ ಪ್ಲಸ್ ತುದಿ. ಇದನ್ನು ಗಮನಿಸದೆ ಇಂದಿನ ಮೊಬೈಲ್ ಚಾರ್ಜರನ್ನೋ ಸ್ಟೀರಿಯೋವನ್ನೋ ಜೋಡಿಸಿದರೆ ಕ್ಷಣದಲ್ಲಿ ಸುಟ್ಟುಹೋಗಬಹುದು.

ಹೊಸ ಕಾರಿನ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ ಕೋಡ್ ಓದುತ್ತಾನೆ. ಈ ಕಾರುಗಳಿಗೆ ಅಂಥ ಬಾಯಿಲ್ಲ. ಹಾಗಾಗಿ ಮನೆಯಲ್ಲಿ ಹಳೇ ಕಾರು ಇರುವವರು ವೈರಿಂಗ್ ಪೂರ್ತಿ ಕಿತ್ತೆಸೆಯಲು ಹೇಳುವ ಮೊದಲು ಬ್ಯಾಟರಿ ಟರ್ಮಿನಲ್, ಅರ್ತ್ ಪಟ್ಟಿ, ಫ್ಯೂಸಿನ ಕ್ಲಿಪ್ಪುಗಳನ್ನು ಎಮರಿ ಪೇಪರಿನಲ್ಲಿ ಉಜ್ಜಿಸಿ ನೋಡಿ. ಬ್ಯಾಟರಿಯ ಕನೆಕ್ಷನ್ ಕಳಚಿದ ಮೇಲಷ್ಟೇ ಕೈ ಹಾಕಿ.