ಗಾಳಿಗೆ ವಾಲಿದ ಕೈತೋಟದ ಮರಗಳನ್ನು ನೇರಗೊಳಿಸಿ ಆಸರೆ ನೀಡುವ ವಿಧಾನ

ಪೀಠಿಕೆ

ರಾಜ್ಯದಲ್ಲಿ ಏಪ್ರಿಲ್-ಮೇ ತಿಂಗಳುಗಳ ಗುಡುಗುಮಳೆಯೊಡನೆ ಬೀಸುವ ಬಿರುಗಾಳಿಗೆ ಕೈತೋಟದ ಮಾವು, ಸಪೋಟ, ಸೀಬೆ ಮುಂತಾದ ಎಳೆಯ ಮರಗಳು ವಾಲುವುದು ಸಾಮಾನ್ಯ. ಮಣ್ಣು ನೆನೆದು ಸಡಿಲಗೊಂಡಿರುವಾಗ ದಟ್ಟವಾದ ಎಲೆಗಳ ಮೇಲೆ ಗಾಳಿಯ ಒತ್ತಡ ಬಿದ್ದು, ಗಾಳಿ ಬೀಸಿದ ಕಡೆಯ ಬೇರುಗಳು ಮೇಲೇಳುತ್ತವೆ. ಕಸಿ ಮಾವು ಫಲ ಕೊಡಲು 4-5 ವರ್ಷಗಳು ಬೇಕಾಗುವುದರಿಂದ, ವಾಲಿದ ಗಿಡವನ್ನು ಕಡಿಯುವ ಮುನ್ನ ಉಳಿಸಿಕೊಳ್ಳುವ ಪ್ರಯತ್ನ ಮಾಡುವುದು ಸೂಕ್ತ.

ಪರಿಶೀಲನೆ

ಮರವು ವಿದ್ಯುತ್ ತಂತಿಗೆ ತಗುಲಿದ್ದಲ್ಲಿ ಸಮೀಪಕ್ಕೆ ಹೋಗದೆ 1912 ಸಹಾಯವಾಣಿಗೆ ತಿಳಿಸಬೇಕು. ಕಾಂಡದ ದಪ್ಪ 4 ಅಂಗುಲದೊಳಗಿದ್ದು, ಅರ್ಧಕ್ಕಿಂತ ಹೆಚ್ಚು ಬೇರುಗಳು ಮಣ್ಣಿನಲ್ಲಿಯೇ ಉಳಿದಿದ್ದರೆ ಮರ ಚೇತರಿಸಿಕೊಳ್ಳುವ ಸಾಧ್ಯತೆ ಉತ್ತಮ. ಕಾಂಡ ಸೀಳಿದ್ದರೆ ಅಥವಾ ಕಸಿ ಕಟ್ಟಿದ ಭಾಗವೇ ಮುರಿದಿದ್ದರೆ ಪ್ರಯೋಜನವಾಗದು. ಕಸಿಯ ಕೆಳಗಿನಿಂದ ಬರುವ ಚಿಗುರು ಮೂಲ ಗಿಡದ್ದಾಗಿರುತ್ತದೆ. ಮನೆ ಅಥವಾ ರಸ್ತೆಯ ಕಡೆಗೆ ವಾಲಿದ ದೊಡ್ಡ ಮರಗಳನ್ನು ಸ್ವತಃ ಎಳೆಯುವುದು ಅಪಾಯಕರ. ತಜ್ಞರ ನೆರವು ಪಡೆಯಬೇಕು.

ನೇರಗೊಳಿಸುವ ಕ್ರಮ

1. ಹೊರಬಂದ ಬೇರುಗಳನ್ನು ಕೂಡಲೇ ಒದ್ದೆ ಗೋಣಿಚೀಲದಿಂದ ಮುಚ್ಚಬೇಕು. ಒಂದೆರಡು ದಿನಗಳೊಳಗೆ ಕೆಲಸ ಮುಗಿಸುವುದು ಲೇಸು.
2. ಮೇಲೆದ್ದ ಬೇರುಗಳ ಕೆಳಗಿನ ಮಣ್ಣನ್ನು ತೆಗೆದು, ಅವು ಮೊದಲಿನ ಮಟ್ಟಕ್ಕೆ ಇಳಿಯಲು ಸ್ಥಳ ಮಾಡಬೇಕು. ಮಣ್ಣು ತೆಗೆಯದೆ ಎಳೆದರೆ ಉಳಿದ ಬೇರುಗಳೂ ತುಂಡಾಗುತ್ತವೆ.
3. ಜಜ್ಜಿದ ಬೇರುಗಳನ್ನೂ ಮುರಿದ ಕೊಂಬೆಗಳನ್ನೂ ಹರಿತವಾದ ಕತ್ತರಿಯಿಂದ ಕತ್ತರಿಸಬೇಕು. ಹೊಸ ಬೇರುಗಳಿಗೆ ಆಹಾರ ಒದಗಿಸುವುದು ಎಲೆಗಳೇ ಆದ್ದರಿಂದ ಉಳಿದ ಕೊಂಬೆಗಳನ್ನು ಕಡಿಯಬಾರದು.
4. ಕಾಂಡಕ್ಕೆ ಗೋಣಿ ಸುತ್ತಿ, ಹಗ್ಗ ಕಟ್ಟಿ, ನಿಧಾನವಾಗಿ ಎಳೆದು ನೇರಗೊಳಿಸಬೇಕು.
5. ಅದೇ ಮಣ್ಣನ್ನು ತುಂಬಿ, ಪೊಳ್ಳು ಉಳಿಯದಂತೆ ಅದುಮಿ ನೀರುಣಿಸಬೇಕು. ಕಾಂಡವನ್ನು ಮೊದಲಿಗಿಂತ ಆಳವಾಗಿ ಹೂಳಬಾರದು.

ಆಸರೆ

ಬೇರಿನ ಗುಂಪಿನ ಹೊರಗೆ 2 ಅಡಿ ಆಳಕ್ಕೆ 2 ಅಥವಾ 3 ಬಿದಿರು ಇಲ್ಲವೆ ಸರ್ವೆ ಗಳುಗಳನ್ನು ನೆಡಬೇಕು. ತೆಂಗಿನ ನಾರಿನ ಹಗ್ಗ ಅಥವಾ ಬಟ್ಟೆಪಟ್ಟಿಯನ್ನು 8ರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ಬರಿಯ ತಂತಿಯನ್ನು ಬಳಸಿದರೆ ತೊಗಟೆ ಕೊಯ್ದು, ಎಲೆಗಳಿಂದ ಬೇರಿಗೆ ಆಹಾರ ಇಳಿಯುವುದು ನಿಲ್ಲುತ್ತದೆ. ಗಾಳಿಗೆ ಕಾಂಡ ಅಲ್ಪ ಪ್ರಮಾಣದಲ್ಲಿ ಅಲುಗಾಡಬೇಕು. ಈ ಚಲನೆಯಿಂದಲೇ ಕಾಂಡವೂ ಬೇರೂ ಬಲಗೊಳ್ಳುತ್ತವೆ.

ನಂತರದ ಆರೈಕೆ

* ಬುಡದ ಸುತ್ತ 2-3 ಅಂಗುಲ ಒಣ ತರಗೆಲೆ ಹೊದಿಕೆ ಹಾಕಬೇಕು. ಅದು ಕಾಂಡಕ್ಕೆ ತಾಗಬಾರದು.
* ಕತ್ತರಿಸಿದ ಕೊಂಬೆಗಳ ಗಾಯಕ್ಕೆ ಬೋರ್ಡೋ ಮುಲಾಮು ಲೇಪಿಸಬೇಕು. ಇದಕ್ಕಾಗಿ 100 ಗ್ರಾಂ ಮೈಲುತುತ್ತ ಹಾಗೂ 100 ಗ್ರಾಂ ಸುಣ್ಣವನ್ನು ತಲಾ ಅರ್ಧ ಲೀಟರ್ ನೀರಿನಲ್ಲಿ, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಗಳಲ್ಲಿ ಪ್ರತ್ಯೇಕವಾಗಿ ಕರಗಿಸಿ ಬೆರೆಸಬೇಕು.
* ಹೊಸ ಚಿಗುರು ಬರುವವರೆಗೆ ರಾಸಾಯನಿಕ ಗೊಬ್ಬರ ನೀಡಬಾರದು.
* ಕಟ್ಟನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ಸಡಿಲಿಸಬೇಕು. ಸುಮಾರು ಒಂದು ವರ್ಷದ ನಂತರ, ಬುಡ ಅಲುಗದಿದ್ದಲ್ಲಿ ಆಸರೆ ತೆಗೆಯಬೇಕು.

ಸೂಚನೆ

ಮರ ಉಳಿಯುವಂತಿಲ್ಲದಿದ್ದರೂ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ಅನೇಕ ಜಾತಿಯ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಅಗತ್ಯ. ಆದ್ದರಿಂದ ಕಡಿಯುವ ಮುನ್ನ ವಿಚಾರಿಸತಕ್ಕದ್ದು.